ಸಿಗಡಿ ತೊಟ್ಟಿಗೆ ಬಾದಾಮಿ ಎಲೆ

ಮಾರ್ಚ್ 3, ಬೆಳಿಗ್ಗೆ

ತಮ್ಮ ಗಾಜಿನ ತೊಟ್ಟಿಯಲ್ಲಿ ಸಾಕಿರುವ ಪುಟ್ಟ ಸಿಗಡಿಗಳಿಗೆ ಚಿಟಿಕೆ ಆಹಾರ ಹಾಕಿದ್ದಾಯಿತು. ಆಸ್ಪತ್ರೆಗೆ ಅವನ ಬನಿಯನ್, ಚಾರ್ಜರ್ ಒಯ್ಯಬೇಕು. ನಿನ್ನೆಯಿಂದ ಅವನದು ಒಂದೇ ರಾಗ — ತೊಟ್ಟಿಯ ಹಳೇ ಎಲೆಯೆಲ್ಲ ಕರಗಿದೆ, ಹೊಸದು ಹಾಕು. ಒಣಗಿ ಉದುರಿದ ಬಾದಾಮಿ ಎಲೆಯೇ ಆಗಬೇಕಂತೆ. ಅದರ ಮೇಲಿನ ಲೋಳೆ ಮರಿಗಳಿಗೆ ಊಟವಂತೆ, ಎಲೆಯ ಕೆಳಗೇ ಅವುಗಳ ಮನೆಯಂತೆ. ನನಗೋ ಕಸ ಗುಡಿಸಿ ಹಾಕಿ ಗೊತ್ತು, ತಂದು ಹಾಕಿ ಗೊತ್ತಿಲ್ಲ.

ಮಾರ್ಚ್ 4

ಬಸ್ ಸ್ಟಾಪಿನ ಹಿಂದಿನ ಮರದಡಿ ಎಲೆ ಆರಿಸಿದೆ. ಧೂಳು, ಹಕ್ಕಿ ಹಿಕ್ಕೆ... ಛೀ. ನಾನು ಕೆಲಸ ಮಾಡುವ ಲಾಂಡ್ರಿಗೆ ಒಯ್ದು ಅಲ್ಲಿನ ಬಕೆಟಿನಲ್ಲೇ ತೊಳೆದೆ. ಮನೆಗೆ ಬಂದು ಕುದಿಸಿ, ಮುಳುಗುವ ತನಕ ನೆನೆಸಿ ಹಾಕಿದೆ. ಮೊಟ್ಟೆ ಹೊತ್ತ ಕೆಂಪು ತಾಯಿ ಸಿಗಡಿ ಬಂದು ಎಲೆ ಮೇಲೆ ಕೂತಿತು. ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಎಷ್ಟು ದಿನದ ಮೇಲೆ ನಕ್ಕ!

ಮಾರ್ಚ್ 5, ಬೆಳಿಗ್ಗೆ

ಎಲ್ಲ ಸತ್ತಿವೆ. ತಾಯಿಯೂ.

ಎಲೆ ತೊಳೆದ ಆ ಬಕೆಟ್ — ಬಟ್ಟೆಗೆ ಹಾಕುವ ಸೆಂಟಿನ ಲಿಕ್ವಿಡ್ ಕಲಸುವ ಬಕೆಟ್. ಅದೇ ಎಲೆಗೂ ಹತ್ತಿದೆ. ದಿನವಿಡೀ ಅದರಲ್ಲೇ ಕೈಯಾಡಿಸಿ ನನ್ನ ಮೂಗಿಗೆ ಅದೊಂದು ವಾಸನೆ ಅನ್ನಿಸುವುದೇ ಇಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸಂಜೆ

ಡಾಕ್ಟರ್ ನನ್ನೊಬ್ಬಳನ್ನೇ ಹೊರಗೆ ಕರೆದರು. ಕಾಯಿಲೆ ಎಲ್ಲ ಕಡೆ ಹಬ್ಬಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ. ಅವನಿಗೆ ನೀವೇ ನಿಧಾನವಾಗಿ ಹೇಳಿ ಅಂದರು.

ಒಳಗೆ ಹೋದರೆ ತಮ್ಮ, ಏನಂದ್ರು ಅಂತ ಕೇಳಿದ. ಆಪರೇಷನ್ ಬೇಡವಂತೆ, ಮಾತ್ರೆಯಲ್ಲೇ ವಾಸಿಯಾಗುತ್ತದಂತೆ ಅಂದೆ. ಸಿಗಡಿ? ಎಲೆ ಕೆಳಗೆ ಹಾಯಾಗಿವೆ ಅಂದೆ. ಒಂದೇ ಉಸಿರಿಗೆ ಎರಡು ಸುಳ್ಳು. ನಂಬಿದ.

ಮಾರ್ಚ್ 7

ಅಂಗಡಿಯಿಂದ ಹೊಸ ಸಿಗಡಿ ತಂದು ಬಿಡೋಣ ಅಂದುಕೊಂಡೆ. ತೊಟ್ಟಿಯೇ ವಿಷ, ಅವೂ ಸಾಯುತ್ತವೆ. ಇವನೋ ನರ್ಸಿಗೆ ಮರಿ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ.

ಮಾರ್ಚ್ 9

ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ತೊಟ್ಟಿ ಮುಂದೆ ಕುರ್ಚಿ ಎಳೆದುಕೊಂಡ. ಸುಸ್ತಾಗಿದ್ದೀಯ, ನಾಳೆ ನೋಡೋ ಅಂದೆ. ಕೇಳಲಿಲ್ಲ. ಕಡ್ಡಿಯಿಂದ ಒಂದೊಂದೇ ಎಲೆ ಎತ್ತಿ ನೋಡಿದ. ಯಾವುದರ ಕೆಳಗೂ ಸಿಗಡಿ ಇಲ್ಲ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕ, ಡಾಕ್ಟರ್ ಹೇಳಿದ್ರು ಅಂದ್ಯಲ್ಲ, ಅದೂ ಹೀಗೇನಾ?"

ಹಾಲು ಉಕ್ಕುತ್ತೆ ಅಂತ ಒಳಗೆ ಓಡಿ ಬಂದೆ. ಒಲೆ ಮೇಲೆ ಹಾಲೇ ಇಲ್ಲ. ಅದು ಅವನಿಗೂ ಗೊತ್ತು.

ಕುರ್ಚಿ ಸರಿದ ಸದ್ದಿಲ್ಲ. ಕಾಯುತ್ತಿದ್ದಾನೆ. ಹೋಗಿ ಪಕ್ಕದಲ್ಲಿ ಕೂತು, ಮೊದಲು ಬಕೆಟಿನ ವಿಷಯ ಹೇಳಿ, ಆಮೇಲೆ ಡಾಕ್ಟರ್ ನಿಜವಾಗಿ ಅಂದದ್ದನ್ನೂ ಹೇಳಬೇಕು.