ತಪ್ಪಲೆ ಸಿಕ್ಕಿತು, ಸೋಮಮ್ಮನ ಮಾನ?

ಸರ್ಕಾರಿ ಬಂಗಲೆಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

೧೯೫೭ರ ಫೆಬ್ರವರಿ ಹನ್ನೊಂದರ ಸೋಮವಾರ ತಾವು ತೆರಕಣಾಂಬಿಯ ಬೀದಿಬೀದಿಯಲ್ಲಿ ತಮಟೆ ಹೊಡೆಸಿ, ಬಂಗಲೆ ಗುಡಿಸುವ ಸೋಮಮ್ಮನನ್ನು ಕಳ್ಳಿ ಎಂದು ಸಾರಿಸಿದಿರಿ. "ಕೇಳ್ರಪ್ಪೋ! ಬಂಗ್ಲೆ ಹಿತ್ತಾಳೆ ತಪ್ಪಲೆ ಕದ್ದೋಳು ಸೋಮಮ್ಮ! ಯಾರೂ ಮನೆಗೆ ಸೇರಿಸ್ಬ್ಯಾಡಿ!" ಹನ್ನೆರಡು ದಿನದ ಮೇಲೆ ಆ ತಪ್ಪಲೆ ಚಾಮರಾಜನಗರದ ಕಲಾಯಿ ಅಂಗಡಿಯಲ್ಲಿ ಥಳಥಳ ಹೊಳೆಯುತ್ತ ಕುಳಿತಿತ್ತು. ಕಲಾಯಿ ಹಾಕಿಸಲು ಬಸ್ಸಿಗೆ ಏರಿಸಿ ಕಳಿಸಿದವರು ತಾವೇ. ಚೀಟಿಯ ಮೇಲೆ ತಮ್ಮದೇ ರುಜು.

ಸೋಮಮ್ಮನ ಹೊಟ್ಟೆಪಾಡು ಬಂಗಲೆಯ ಪೊರಕೆಯಿಂದ ಮಾತ್ರ ಸಾಗುತ್ತಿರಲಿಲ್ಲ. ಬಾಣಂತಿಯರಿಗೆ, ಹಸುಗೂಸುಗಳಿಗೆ ನೀರೆರೆಯುವ ಕೈ ಅದು. ತಪ್ಪಲೆ ಸಿಕ್ಕ ಮೇಲೂ, ಕೂಸಿಗೆ ನೀರೆರೆಯಲು ಹೋದ ಆಕೆಗೆ ಶಿವರುದ್ರಮ್ಮನವರ ಮನೆಯ ಬಾಗಿಲಲ್ಲಿ ಸಿಕ್ಕ ಉತ್ತರ ಇದು: "ತಪ್ಪು ತಿಳ್ಕಬ್ಯಾಡ ಕಣಕ್ಕ. ಮಗೀನ ಬಳೆಗಿಳೆ ಕಾಣ್ದಂಗಾದ್ರೆ ನಾ ಯಾರ್ಗೆ ಏನ್ ಹೇಳನ?"

ನಾನು ತಮ್ಮ ಕಚೇರಿಗೆ ಬಂದಾಗ ತಾವು ನಕ್ಕಿರಿ. "ತಪ್ಪಲೆ ಸಿಕ್ತಲ್ಲ ಮೇಷ್ಟ್ರೇ, ಇನ್ನೇನು? ಪೇಪರಿಗೆ ಬರೆದೀರಿ ಜೋಕೆ, ಸರ್ಕಾರಿ ವಕೀಲರಿದ್ದಾರೆ."

ಇದ್ದಾರೆ, ಬಲ್ಲೆ. ೧೨೭೫ರಲ್ಲಿ ಇಂಗ್ಲೆಂಡಿನ ದೊರೆ ತನ್ನ ದೊಡ್ಡ ಕುಳಗಳ ಮರ್ಯಾದೆ ಕಾಯಲೆಂದೇ ಒಂದು ಕಾನೂನು ಮಾಡಿದ. ನಾಚಿಕೆಯಾಗಿ ಅವರೇ ಅದನ್ನು ೧೮೮೭ರಲ್ಲಿ ತೆಗೆದುಹಾಕಿದರು. ನಮಗೆ ಕೊಟ್ಟ ೧೮೬೦ರ ದಂಡಸಂಹಿತೆಯಲ್ಲಿ ಮಾನ ಎಲ್ಲರಿಗೂ ಒಂದೇ ಎಂದಾದರೂ ಬರೆದಿದ್ದರು. ಸ್ವತಂತ್ರರಾದ ನಾವು ೧೯೫೫ರಲ್ಲಿ ಮಾಡಿದ್ದೇನು? ಅಧಿಕಾರಿಯ ಕೆಲಸದ ಬಗ್ಗೆ ಯಾರಾದರೂ ಅಪಮಾನವಾಗುವಂತೆ ಬರೆದರೆ, ಸರ್ಕಾರದ ಅನುಮತಿ ಪಡೆದು ಸರ್ಕಾರಿ ವಕೀಲರೇ ನೇರವಾಗಿ ಸೆಷನ್ಸ್ ಕೋರ್ಟಿನಲ್ಲಿ ಫಿರ್ಯಾದು ಹೂಡಬಹುದೆಂದು ಕಾನೂನು ತಿದ್ದಿದೆವು. ಸೋಮಮ್ಮನಾದರೋ ತಾನೇ ವಕೀಲರನ್ನು ಹುಡುಕಿ, ತಾನೇ ಮ್ಯಾಜಿಸ್ಟ್ರೇಟರ ಮೆಟ್ಟಿಲು ಹತ್ತಬೇಕು. ಏಳುನೂರು ವರ್ಷ ನಡೆದು ಕಾನೂನು ಮತ್ತೆ ದೊರೆಯ ಹಜಾರಕ್ಕೇ ಬಂದು ನಿಂತಿತೆ? ತಮಟೆಯೂ ತಮ್ಮದು, ವಕೀಲರೂ ತಮ್ಮವರು! ಹೇಸಿಗೆಯಾಗುತ್ತದೆ, ಸ್ವಾಮಿ.

ನಮ್ಮ ತಾತನ ಕಾಲದಲ್ಲಿ ಸುಳ್ಳು ಆಪಾದನೆ ಮಾಡಿದವನು ಚಾವಡಿಯಲ್ಲಿ ನಿಂತು "ನಾನಂದದ್ದು ಸುಳ್ಳು" ಎನ್ನಬೇಕಿತ್ತು. ಅದನ್ನೂ ಊರೆಲ್ಲ ಸಾರಿಸುತ್ತಿದ್ದರು. ಈಗಲೂ ಹಾಗೆ ಸಾರುವೆಯಾ ಎಂದು ತಮಟೆಯ ದೊಡ್ಡಬೀರಯ್ಯನನ್ನು ಕೇಳಿದೆ. "ಬಡಿ ಅಂದ್ರೆ ಬಡೀತೀನಿ ಮೇಷ್ಟ್ರೇ. ಸಾಯೇಬ್ರು ತಪ್ಪ್ ಮಾಡವ್ರೆ ಅಂತ ಬಡಿ ಅಂತ ಇವತ್ಗಂಟ ಯಾರೂ ಯೋಳ್ನಿಲ್ಲ."

ಈಗ ತಾವೇ ಅವನಿಗೆ ಬಡಿ ಎಂದು ಹೇಳಿ. ಅದೇ ದೊಡ್ಡಬೀರಯ್ಯ, ಅದೇ ಬೀದಿಗಳು, ಅದೇ ದನಿ: "ತಪ್ಪಲೆ ಕಳಿಸಿದವರು ಸಾಹೇಬರು, ಮರೆತವರು ಸಾಹೇಬರು, ಸೋಮಮ್ಮ ಕದ್ದಿಲ್ಲ." ಸಾರಿಸಲಾರಿರಾದರೆ, ಏಕೆ ಸಾರಿಸಲಾರಿರಿ ಎಂಬುದನ್ನು ಇದೇ ಪತ್ರಿಕೆಯಲ್ಲಿ, ತಮ್ಮ ರುಜುವಿನೊಂದಿಗೆ, ಊರು ಓದುವಂತೆ ಬರೆಯಿರಿ.

ಇಂತಿ,
ತನ್ನ ಮೂರು ಮಕ್ಕಳಿಗೆ ಆಕೆಯ ಕೈಯಲ್ಲಿ ನೀರೆರೆಸಿಕೊಂಡು, ತಮಟೆ ಬಡಿದ ದಿನ ಜಗಲಿಯ ಮೇಲೆ ಬಾಯಿ ಮುಚ್ಚಿ ನಿಂತಿದ್ದ
ಗುರುಪಾದಸ್ವಾಮಿ
ನಿವೃತ್ತ ಉಪಾಧ್ಯಾಯ, ತೆರಕಣಾಂಬಿ