ಚಾಪೆ ಸುತ್ತಿಡುವುದಿಲ್ಲ, ಅತ್ತೆಮ್ಮ

ಅತ್ತೆಮ್ಮಾ,

ನೀವಿದ್ದಿದ್ದರೆ ಈ ಪತ್ರ ಬರೆಯುವ ಕೆಲಸವೇ ಇರಲಿಲ್ಲ, ಅಡುಗೆಮನೆಯಲ್ಲೇ ಜಗಳವಾಡಿ ಮುಗಿಸುತ್ತಿದ್ದೆವು. ಸಂಡೇ ಸ್ಕೂಲಿನ ಬೀರುವಿನ ಕೀಲಿಯನ್ನು ನನ್ನ ಕೈಗೆ ಕೊಡುವಾಗ ಏನಂದಿರಿ? "ಬಾಯಿಗೆ ಬೆರಳಿಟ್ರೂ ಕಚ್ಚಾಕೆ ಬರಲ್ಲ ನಿಂಗೆ. ಮಕ್ಕಳನ್ನ ಹೆಂಗೆ ನಡೆಸ್ತೀಯವ್ವಾ?" ಕಚ್ಚಿದ್ದೇನೆ ಅತ್ತೆಮ್ಮ. ಅದೂ ಚರ್ಚ್ ಕಮಿಟಿಯ ಸೆಕ್ರೆಟರಿಯನ್ನೇ. ಕೂತುಕೊಂಡು ಕೇಳಿ.

ಸಂಡೇ ಸ್ಕೂಲಿನ ಮಕ್ಕಳಿಗೆಂದು ಆ ಈಚಲು ಚಾಪೆಯನ್ನು ನೀವು ಕತ್ತಲಗೆರೆಯಿಂದ ಚನ್ನಗಿರಿಗೆ ಬಸ್ಸಿನಲ್ಲಿ ತಂದ ದಿನ ನೆನಪಾಗುತ್ತದೆ. ಕಂಡಕ್ಟರ್ "ಚಾಪೆಗೂ ಒಂದು ಟಿಕೆಟ್ ತಗಳ್ರೀ ಅಮ್ಮಾರೆ" ಎಂದು ರೇಗಿಸಿದ್ದಕ್ಕೆ, "ಇದರ ಮ್ಯಾಲೆ ಕೂರೋರಿಗೆಲ್ಲ ಅರ್ಧ ಟಿಕೆಟ್ಟು, ಹೋಗಪ್ಪ" ಎಂದಿರಿ. ತಿಂಗಳ ಮೊದಲ ಭಾನುವಾರ ಸಭಾಪಾಲಕ ಅಯ್ಯನವರು ಹೊನ್ನಾಳಿಯಲ್ಲಿ ಬೆಳಗಿನ ಆರಾಧನೆ ಮುಗಿಸಿ, ಬೈಕಿನಲ್ಲಿ ನಮ್ಮ ಚರ್ಚಿಗೆ ಬಂದು ಮುಟ್ಟುವ ತನಕ ಆರಾಧನೆ ಮಕ್ಕಳದ್ದು. ಆ ಚಾಪೆಯ ಮೇಲೆ ಒಂದು ಕೀರ್ತನೆ, ಕೈ ಆಡಿಸಿ ಎರಡು ಹಾಡು, ಆಮೇಲೆ ಬಿನ್ನಹ. ಒಂದೊಂದು ಮಗು ಎದ್ದು ನಿಂತು ತನ್ನ ಮನಸ್ಸಿನ ಒಂದು ಮಾತನ್ನು ದೇವರಿಗೆ ಹೇಳಬೇಕು. ಇಡೀ ಸಭೆ "ಕರ್ತನೇ, ನಮ್ಮ ಮೊರೆ ಕೇಳು" ಎನ್ನಬೇಕು. ಮನೆಯಲ್ಲಿ ಬಾಯಿಪಾಠ ಮಾಡಿಸಿ ಕಳಿಸಿದರೆ ನೀವು ಒಪ್ಪುತ್ತಲೇ ಇರಲಿಲ್ಲ. "ದೇವರ ಹತ್ರ ಹೇಳಾದು ಇದು, ಪರೀಕ್ಷೆ ಬರಿಯಾದಲ್ಲ" ಎಂದು ತಾಯಂದಿರನ್ನೇ ಗದರುತ್ತಿದ್ದಿರಿ.

ನಿಮ್ಮ ಮಗ ಚಿಕ್ಕವರಿದ್ದಾಗ ಅದೇ ಜಾಗದಲ್ಲಿ ನಿಂತು, "ದೇವರೇ, ನಮ್ಮವ್ವ ಸೌಟಿನಾಗೆ ಹೊಡಿಯೋದು ಬಿಡಲಿ" ಎಂದರಂತಲ್ಲ! ನಗುತ್ತಾ ನಗುತ್ತಾ ನೀವೇ ನನಗೆ ಹೇಳಿದ್ದು. ಸಭೆಯೆಲ್ಲ ಬಾಯಿ ಮುಚ್ಚಿಕೊಂಡು ನಿಮ್ಮ ಮುಖ ನೋಡುತ್ತಿದ್ದರೆ, ಮೊದಲು "ನಮ್ಮ ಮೊರೆ ಕೇಳು" ಎಂದವರು ನೀವು. ಮನೆಗೆ ಬಂದು ಹೊಡೆದಿರಾ ಎಂದು ಕೇಳಿದ್ದಕ್ಕೆ, "ಇಡೀ ಸಭೆ ಆಮೆನ್ ಅಂದ ಮ್ಯಾಲೆ ಹೆಂಗೆ ಹೊಡೀಲಿ?" ಎಂದಿರಿ. ನೀವು ನುಂಗಿಕೊಂಡಿದ್ದನ್ನು ಈ ದೊಡ್ಡ ಮನುಷ್ಯರಿಗೆ ನುಂಗಲು ಆಗಲಿಲ್ಲ ನೋಡಿ.

ಹೋದ ತಿಂಗಳ ಮೊದಲ ಭಾನುವಾರ ರಾಹೇಲಮ್ಮನ ಮೊಮ್ಮಗಳು ಕೃಪಾಳ ಸರದಿ. ಆ ಮನೆಯ ಕಥೆ ನಿಮಗೆ ಗೊತ್ತೇ ಇದೆ. ಕೃಪಾಳ ಅಪ್ಪ ಸಂಪತ್ತು, ದೊಡ್ಡಪ್ಪ ದೇವದಾನ ಇಬ್ಬರೂ ಹಿತ್ತಲ ಗೋಡೆಯ ಜಗಳದಲ್ಲಿ ಮಾತು ಬಿಟ್ಟವರು. ನೀವು ಹೋದ ಮೇಲೂ ಹಾಗೇ ಇದ್ದಾರೆ. ಚರ್ಚಿನಲ್ಲಿ ಒಬ್ಬರು ಕೂರುವುದು ಕಿಟಕಿಯ ಪಕ್ಕ, ಒಬ್ಬರು ಬಾಗಿಲ ಪಕ್ಕ. ಆರಾಧನೆಯಲ್ಲಿ "ಸಮಾಧಾನವಾಗಲಿ" ಎಂದು ಒಬ್ಬರಿಗೊಬ್ಬರು ಕೈ ಕುಲುಕುವ ಹೊತ್ತಿನಲ್ಲಿ ಇಬ್ಬರೂ ವಿರುದ್ಧ ದಿಕ್ಕಿಗೆ ಹೋಗುತ್ತಾರೆ. ಇಬ್ಬರೂ ಕಮಿಟಿಯಲ್ಲಿದ್ದಾರೆ, ದೇವದಾನ ಸೆಕ್ರೆಟರಿ. ಆ ಮಗು ಎದ್ದು ನಿಂತು, ಕಣ್ಣು ಮುಚ್ಚಿ, "ದೇವರೇ, ನಮ್ಮಪ್ಪ ದೊಡ್ಡಪ್ಪ ಮಾತಾಡಂಗೆ ಮಾಡು. ಅಜ್ಜಿ ಅಳ್ತಾಳೆ" ಎಂದಿತು.

ಒಬ್ಬರೂ ಉಸಿರೆತ್ತಲಿಲ್ಲ ಅತ್ತೆಮ್ಮ. ನಾನೊಬ್ಬಳೇ "ಕರ್ತನೇ, ನಮ್ಮ ಮೊರೆ ಕೇಳು" ಎಂದೆ. ನನ್ನ ದನಿ ನನಗೇ ಕೇಳಿಸಿತೋ ಇಲ್ಲವೋ.

ಮರುವಾರವೇ ಕಮಿಟಿ ನನ್ನನ್ನು ಕರೆಸಿತು. "ಮಕ್ಕಳು ಏನ್ ಹೇಳಬೇಕು ಅಂತ ಮೊದಲೇ ಬರೆದು ನಮಗೆ ತೋರಿಸ್ರಿ. ಆಗಲ್ಲ ಅಂದ್ರೆ ಚಾಪೆ ಸುತ್ತಿಡ್ರಿ" ಎಂದರು ದೇವದಾನ. "ಅದೇ ಸರಿ" ಎಂದರು ಸಂಪತ್ತು. ಇಷ್ಟು ವರ್ಷದಲ್ಲಿ ಅಣ್ಣ ತಮ್ಮ ಒಪ್ಪಿದ ಮೊದಲ ಮಾತು ಅದು! ಅದನ್ನೂ ಒಬ್ಬರ ಮುಖ ಒಬ್ಬರು ನೋಡದೆ, ಅಯ್ಯನವರ ಕಡೆ ತಿರುಗಿ ಹೇಳಿದರು. ಅಯ್ಯನವರು ಚಹಾದ ಲೋಟವನ್ನೇ ನೋಡುತ್ತಾ ಕೂತರು. ನನಗೆ ಬಂದ ಸಿಟ್ಟು... ಹೇಳಲಾರೆ. ಮಗು ದೇವರಿಗೆ ಹೇಳುವ ಮಾತನ್ನು ಸೆಕ್ರೆಟರಿ ಮೊದಲು ನೋಡಬೇಕೇ? ದೇವರಿಗಿಂತ ಮುಂಚೆ? ಬೆಂಕಿ ಹಚ್ಚಿದವರನ್ನು ಬಿಟ್ಟು ಹೊಗೆ ಕಂಡಿತು ಎಂದವಳ ಬಾಯಿ ಮುಚ್ಚಿಸುವುದು ಯಾವ ನ್ಯಾಯ?

ಮೊನ್ನೆ ಭಾನುವಾರ ಚಾಪೆ ಹಾಸಿದೆ. ಕೀರ್ತನೆ ಆಯಿತು, ಹಾಡು ಆಯಿತು. ಬಿನ್ನಹದ ಹೊತ್ತಿಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸಭೆಗೆ ಹೇಳಿದೆ: "ನಾನು ಬರೆದುಕೊಟ್ಟಿದ್ದನ್ನೇ ಮಕ್ಕಳು ಹೇಳಬೇಕಂತೆ. ನಾನು ಬರೆದಿಲ್ಲ, ಬರಿಯಾದೂ ಇಲ್ಲ. ಅದಕ್ಕೆ ಇವತ್ತು ಮಕ್ಕಳು ಸುಮ್ನೆ ನಿಂತಿರ್ತಾರೆ. ನೀವೂ ನಿಂತ್ಕಳ್ರಿ." ಈ ಸಲ ನನ್ನ ದನಿ ಕೊನೇ ಬೆಂಚಿಗೂ ಕೇಳಿಸಿತು.

ಎಲ್ಲರೂ ನಿಂತರು. ದೇವದಾನ ಕೆಮ್ಮಿದರು. ಆಗ ಹೆಂಗಸರ ಕಡೆಯಿಂದ ರಾಹೇಲಮ್ಮ ಬೆಂಚಿನ ಬೆನ್ನು ಹಿಡಿದು ಮುಂದಕ್ಕೆ ಬಂದರು. ಮಂಡಿನೋವಿನ ಆ ಮುದುಕಿ ಚಾಪೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಮಕ್ಕಳ ಸಾಲಿನಲ್ಲಿ ಮೊಮ್ಮಗಳ ಪಕ್ಕ ನಿಂತು, "ದೇವರೇ, ನನ್ನ ಮಕ್ಕಳಿಬ್ರೂ ಮಾತಾಡಂಗೆ ಮಾಡು. ನಾನು ಸಾಯಾಕೆ ಮುಂಚೆ ಮಾಡು" ಎಂದರು.

ಇಡೀ ಸಭೆ, ಅತ್ತೆಮ್ಮ, ಇಡೀ ಸಭೆ "ಕರ್ತನೇ, ನಮ್ಮ ಮೊರೆ ಕೇಳು" ಎಂದಿತು. ಹೋದ ತಿಂಗಳು ಬಾಯಿ ಬಿಡದಿದ್ದವರೆಲ್ಲ ಎಂದರು. ಅಣ್ಣ ತಮ್ಮ ಮಾತ್ರ ನೆಲ ನೋಡುತ್ತಾ ನಿಂತಿದ್ದರು.

ಆರಾಧನೆ ಮುಗಿದ ಮೇಲೆ ದೇವದಾನ ಬಂದು "ಬೀರು ಕೀಲಿ ಕೊಡ್ರಿ" ಎಂದರು. "ಕೊಡಲ್ಲ ರೀ. ನಮ್ಮತ್ತೆ ಕೊಟ್ಟಿದ್ದು. ಮೊದಲು ನಿಮ್ಮವ್ವನ ಬಾಯಿಗೆ ಬೀಗ ಹಾಕಿ ಬರ್ರಿ, ಆಮೇಲೆ ನೋಡನಾ" ಎಂದೆ. ಹೌದು, ನಾನೇ! ಬಾಗಿಲಲ್ಲಿ ನಿಂತಿದ್ದ ನಿಮ್ಮ ಮಗ, "ಅವ್ವ ಹೋದ್ಲು ಅಂದ್ಕಂಡಿದ್ದೆ, ಇಲ್ಲೇ ಅದಾಳೆ" ಎಂದರು. ಆಗ ನನಗೆ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

ಆ ಅಣ್ಣ ತಮ್ಮ ಇನ್ನೂ ಮಾತಾಡಿಲ್ಲ. ಸುಳ್ಳು ಸುದ್ದಿ ನಿಮಗೆ ಯಾಕೆ ಬರೆಯಲಿ? ಕಮಿಟಿ ಮತ್ತೆ ಕರೆಯುತ್ತದಂತೆ, ಕರೆಯಲಿ. ಅವತ್ತು ಚಾಪೆ ಎತ್ತುವಾಗ ಕೃಪಾ ನನ್ನ ಸೆರಗು ಜಗ್ಗಿ ಕೇಳಿದಳು, "ಟೀಚರ್, ಅಜ್ಜಿ ಹೇಳಿದ್ದು ದೇವರಿಗೆ ಸಾಕಾಗುತ್ತಾ? ಬರೋ ತಿಂಗಳು ನಾನೂ ಹೇಳ್ಲಾ?"

"ಹೇಳು" ಎಂದೆ. "ಜೋರಾಗಿ ಹೇಳು. ಕಿಟಕಿ ಹತ್ರ ಕೂತೋರಿಗೂ ಕೇಳಬೇಕು, ಬಾಗಿಲ ಹತ್ರ ಕೂತೋರಿಗೂ ಕೇಳಬೇಕು."

ಕಚ್ಚಲು ಕಲಿತ ನಿಮ್ಮ ಸೊಸೆ,
ಶಾಂತಾ