ನೀರಿಗಿಳಿಯುವ ಮೊದಲು

ಮಗಳೇ,

ಫೋನಿನಲ್ಲಿ ಹೇಳಿದರೆ "ನಾಟಕ ಸಾಕಪ್ಪಾ" ಅಂತೀಯ. ಜೀವಮಾನವೆಲ್ಲ ರಂಗದ ಮೇಲೆ ಗುಡುಗಿದವನು ಮನೆಯಲ್ಲಿ ಹೆದರಿದರೆ ಯಾರು ನಂಬುತ್ತಾರೆ? ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೃದಯದ ಗೋಡೆ ದಪ್ಪವಾಗಿದೆಯಂತೆ. ಸ್ನಾಯುವಿನ ಜೀವಕೋಶಗಳೊಳಗೆ 'ಬೆಳೆ, ಬೆಳೆ' ಎಂಬ ಸಂಕೇತ ನಿಲ್ಲುತ್ತಲೇ ಇಲ್ಲವಂತೆ. ದೃಶ್ಯ ಮುಗಿದರೂ ಪರದೆಯ ಹಿಂದೆ ನಿಂತು ಅದೇ ಮಾತನ್ನು ಎತ್ತಿಕೊಡುತ್ತಲೇ ಇರುವವನ ಹಾಗೆ.

"ಹೀಗೇ ಬೆಳೆದರೆ ರಕ್ತಕ್ಕೆ ಜಾಗವೇ ಇರಲ್ಲ ಯಜಮಾನರೇ" ಎಂದರು ಡಾಕ್ಟರು. "ನನ್ನ ಪಾರ್ಟೇ ದೊಡ್ಡದು ಸ್ವಾಮಿ" ಎಂದು ನಕ್ಕೆ. ಅವರು ನಗಲಿಲ್ಲ. "ಇದು ವಂಶದಲ್ಲಿ ಇಳಿದು ಬರುತ್ತೆ. ಮಕ್ಕಳೆಷ್ಟು?" ಎಂದು ಕೇಳಿದರು.

ಒಬ್ಬಳು ಎಂದೆ. ಆಮೇಲೆ, ಒಬ್ಬನಿದ್ದ ಎಂದೆ.

ನಿನ್ನ ಅಣ್ಣ ಆಟದ ಮೈದಾನದಲ್ಲಿ ಕುಸಿದದ್ದು ಬಿಸಿಲಿಗೆ ಎಂದುಕೊಂಡೆವಲ್ಲ, ಅದು ಬಿಸಿಲಲ್ಲ. ಮೊನ್ನೆ ಈಜಿ ಮೇಲೆ ಬಂದಾಗ ನಿನಗೂ ಕಣ್ಣು ಕತ್ತಲೆ ಬಂತೆಂದು ನಿನ್ನ ಕೋಚ್ ಹೇಳಿದರು. ನೀನು ಹೇಳಲಿಲ್ಲ.

ಈ ಪತ್ರವನ್ನು ಅವರ ಕೈಯಲ್ಲೇ ಕಳಿಸಿದ್ದೇನೆ. ಸ್ಕ್ಯಾನ್ ಆಗುವವರೆಗೆ ನಿನ್ನನ್ನು ನೀರಿಗೆ ಬಿಡುವುದಿಲ್ಲವೆಂದು ಒಪ್ಪಿದ್ದಾರೆ. ಭಾನುವಾರದ ಸ್ಪರ್ಧೆ ಹೋದರೆ ಹೋಗಲಿ.

ಸಿಟ್ಟು ಬಂದರೆ ಮನೆಗೆ ಬಂದು ನನ್ನನ್ನು ಬೈ. ಆದರೆ ಓಡಿ ಬರಬೇಡ ಕಂದಾ, ನಿಧಾನವಾಗಿ ನಡೆದು ಬಾ.

ಬಾಗಿಲಲ್ಲೇ ಕೂತಿರುವ,
ನಿನ್ನ ಅಪ್ಪ